ಲ್ಯಾಂಕಷೈರ್ ಬಾವುಟ ತರಿಸುವ ಮುಂಚೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಲ್ಯಾಂಕಷೈರ್ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ನವೆಂಬರ್ 27ರಂದು ಆಚರಿಸುವ ಲ್ಯಾಂಕಷೈರ್ ದಿನಕ್ಕೆ ಬಾವುಟ ತರಿಸುವವರು ಬಣ್ಣ ನೋಡಿಕೊಳ್ಳಿ. ಬಿಳಿ ನೆಲದ ಕೆಂಪು ಗುಲಾಬಿ ನೋಂದಾಯಿತ ಬಾವುಟವಲ್ಲ. ಆ ವಿನ್ಯಾಸ ಸ್ಕಾಟ್ಲೆಂಡಿನ ಮಾಂಟ್ರೋಸ್ ಪಟ್ಟಣದ ಹೆಸರಿನಲ್ಲಿ ಮೊದಲೇ ಇತ್ತು. ಒಂದೇ ವಿನ್ಯಾಸ ಇಬ್ಬರಿಗೆ ಸಲ್ಲದು ಅಂತ, ಬ್ರಿಟನ್ನಿನ ಬಾವುಟಗಳನ್ನು ನೋಂದಾಯಿಸುವ ಫ್ಲ್ಯಾಗ್ ಇನ್‌ಸ್ಟಿಟ್ಯೂಟ್ 2008ರಲ್ಲಿ ಹಳದಿ ನೆಲದ ಗುಲಾಬಿಯನ್ನು ನೋಂದಾಯಿಸಿತು. ಹೂವು ಮಾತ್ರ ಹಳೆಯದೇ, ಇಂಗ್ಲೆಂಡನ್ನು ಆಳಿದ ಲ್ಯಾಂಕಾಸ್ಟರ್ ರಾಜಮನೆತನದ ಲಾಂಛನ. (ಹಳದಿ-ಕೆಂಪು ಕಂಡು ರಾಜ್ಯೋತ್ಸವ ಇನ್ನೂ ಮುಗಿದಿಲ್ಲವೇ ಅಂದುಕೊಳ್ಳಬೇಡಿ!)

ಫ್ಲ್ಯಾಗ್ ಇನ್‌ಸ್ಟಿಟ್ಯೂಟ್ ಸರ್ಕಾರಿ ಕಚೇರಿಯಲ್ಲ, ದತ್ತಿ ಸಂಸ್ಥೆ, ನೋಂದಣಿಯೇ ಕಾನೂನಲ್ಲ. ಹಾರಿಸುವ ವಿಚಾರಕ್ಕೆ 2012ರ ನಿಯಮ ಬೇರೆ ಇದೆ: ಇಂಗ್ಲೆಂಡಿನಲ್ಲಿ ಐತಿಹಾಸಿಕ ಕೌಂಟಿಯ ಬಾವುಟಕ್ಕೆ ಸ್ಥಳೀಯ ಕೌನ್ಸಿಲ್ ಅನುಮತಿ ಬೇಡ. ಜಾಗದ ಮಾಲೀಕರ ಒಪ್ಪಿಗೆ ಬೇಕೇ ಬೇಕು, ಬಾಡಿಗೆ ಮನೆಯವರು ಗಮನಿಸಿ. ಬಾವುಟದ ಮೇಲಾಗಲಿ ಕಂಬದ ಮೇಲಾಗಲಿ ಸಂಘದ ಹೆಸರು, ಪ್ರಾಯೋಜಕರ ಜಾಹೀರಾತು ಬರೆಸಿದರೆ ಈ ವಿನಾಯಿತಿ ಸಿಗುವುದಿಲ್ಲ.