ಬಬಲ್ ರಾಕೂ ನಮ್ಮ ಪಾಲ್ಕಿಗುಂಡೂ

ದೋಸ್ತ,

‘ಅಮೆರಿಕಾದಾಗ ಏನೇನು ನೋಡ್ದಿ’ ಅಂತ ನೀ ಕೇಳೋದ್ರಾಗ ಫೋನು ಕಟ್ಟಾತು. ಅದಕ್ಕ ಕೊಪ್ಪಳಕ್ಕ ಬಂದು ಕುಂತು ಬರಿಯಾಕತ್ತೀನಿ.

ಬಾಸ್ಟನ್ನಿನ ಮಗಳ ಮನಿಯಿಂದ ಕಾರಿನ್ಯಾಗ ಐದು ತಾಸು. ಮೇನ್ ರಾಜ್ಯದ ದಂಡಿಗೆ ಮೌಂಟ್ ಡೆಸರ್ಟ್ ಅನ್ನೋ ನಡುಗಡ್ಡಿ, ಅದರ ಮ್ಯಾಲ ಅಕೇಡಿಯಾ ನ್ಯಾಷನಲ್ ಪಾರ್ಕು. 1604ರಾಗ ಶಾಂಪ್ಲೇನ್ ಅನ್ನೋ ಫ್ರೆಂಚ್ ನಾವಿಕ ಬೋಳು ಗುಡ್ಡ ಕಂಡು ಆ ಹೆಸರಿಟ್ಟನಂತ. ಬೋಳು ಗುಡ್ಡ ನಮಗೇನು ಹೊಸಾವೇನೋ! ‘ಇದಕ್ಕ ಇಷ್ಟು ದೂರ ಯಾಕ ಬರಬೇಕಿತ್ತು, ನಮ್ಮ ಕೊಪ್ಪಳದ ಗವಿಮಠದ ಗುಡ್ಡ ಹತ್ತಿದ್ರ ಆಗತಿತ್ತು’ ಅಂದೆ. ಮಗಳು ಮಾರಿ ಗಂಟು ಹಾಕ್ಕೊಂಡ್ಲು.

ಆದ್ರ ಅಲ್ಲಿ ಗುಡ್ಡದ ಬುಡಕ್ಕ ಸಮುದ್ರ ಬಂದು ಡಿಕ್ಕಿ ಹೊಡೀತೈತಿ. ಥಂಡರ್ ಹೋಲ್ ಅಂತ ಬಂಡಿಗಲ್ಲಿನ್ಯಾಗ ಒಂದು ಸೀಳು ಐತಿ. ಮೊದಲನೇ ಸಲ ಹೋದಾಗ ನೀರು ಇಳದಿತ್ತು, ಗುಡುಗುಡಿ ಸೇದಿದಂಗ ಸಪ್ಪಳ ಅಷ್ಟ. ಸಮುದ್ರದ ಭರತ (ಉಬ್ಬರ) ತುಂಬೋಕ ಒಂದೆರಡು ತಾಸು ಮೊದಲ ಬರ್ರಿ ಅಂದ್ರು. ಮರುದಿನ ಹೋದ್ವಿ. ತೆರಿ ಒಳಗ ನುಗ್ಗತಿದ್ದಂಗ ಗಾಳಿ ಸಿಕ್ಕೊಂಡು ಧಡಲ್ ಅಂತ ಸಿಡೀತು ನೋಡು, ಕ್ವಾರಿಯಾಗ ಮದ್ದು ಹಾರಿಸಿದಂಗ! ಅಂಗಿ ತೋಯ್ದು ತೊಪ್ಪಿ. ನೀರು ಎಷ್ಟು ಥಂಡಿ ಅಂತಿ, ಹಲ್ಲು ಕಟಕಟ ಅಂದ್ವು.

ಕ್ಯಾಡಿಲಾಕ್ ಗುಡ್ಡ 1,530 ಅಡಿ. ಅಲ್ಲಿ ಸೂರ್ಯೋದಯ ನೋಡಾಕ ಕಾರಿಗೆ ಮೊದಲ ಬುಕ್ ಮಾಡಬೇಕು, ಅಳಿಯಗ ಸಿಗಲಿಲ್ಲ. ನಸುಕಿನ್ಯಾಗ ಏಳೋದು ತಪ್ಪಿತಂತ ನಾ ಒಳಗೊಳಗ ಖುಷಿ ಪಟ್ಟೆ.

ನಿನಗ ಹೇಳಬೇಕಾದ್ದು ಬಬಲ್ ರಾಕಿಂದು. ಜೋರ್ಡನ್ ಕೆರಿ ಮ್ಯಾಲಿನ ಗುಡ್ಡದ ಅಂಚಿಗೆ, ಈಗ ಬಿತ್ತು ಆಗ ಬಿತ್ತು ಅನ್ನೂಹಂಗ ಒಂದು ದೊಡ್ಡ ಗುಂಡು. ಬಂದವರೆಲ್ಲಾ ಅದಕ್ಕ ಕೈ ಹಚ್ಚಿ ನೂಕಿದಂಗ ಫೋಟೋ ತೆಗಿಸ್ಕೊಂತಾರ. ಮೊಮ್ಮಗನೂ ನೂಕಿದ. ನಾನೂ ನೂಕಿದೆ, ಸುಳ್ಳ್ಯಾಕ ಹೇಳ್ಲಿ. ಆಮ್ಯಾಲ ಚಾಳೀಸು ಹಾಕ್ಕೊಂಡು ಹತ್ರ ನಿಂತು ನೋಡಿದೆ. ಕಾಲ ಕೆಳಗಿನ ಬಂಡಿ ನಮ್ಮ ಕಡೆ ಇದ್ದಂಗ ಗುಲಾಬಿ. ಗುಂಡು ಮಾತ್ರ ಬ್ಯಾರೇನ: ಬಿಳೀ ಹಳ್ಳು ಕಲ್ಲುಸಕ್ರಿಯಂಗ ದಪ್ಪ, ನಡುನಡುವ ಕರಿ ಎಳ್ಳು ಚೆಲ್ಲಿದಂಗ. ಅದು ಆ ಗುಡ್ಡದ್ದಲ್ಲ! ಮೈಲಿಗಿಂತ ದಪ್ಪಾದ ಹಿಮದ ಹಾಸು ಸರಕೊಂತ ಬರೋವಾಗ ಹತ್ತಾರು ಮೈಲಿ ಆಚಿಂದ ಅದನ್ನ ಹೊತ್ತು ತಂತಂತ. ಹಿಮ ಕರಗಿ ಹೋತು, ಗುಂಡು ಅಲ್ಲೇ ಉಳೀತು.

ನಮ್ಮ ಕೊಪ್ಪಳದ ಗುಂಡು ಹಂಗಲ್ಲ. ಯಾರೂ ತಂದಿಟ್ಟಿಲ್ಲ. ಬಂಡಿ ಬಿರುಕು ಬಿಟ್ಟು, ಬಿರುಕಿನ್ಯಾಗ ನೀರಿಳಿದು ಮೂಲಿ ಮುರುಕು ಕೊಳೆತು, ಮಣ್ಣು ತೊಳಕೊಂಡು ಹೋಗಿ, ಕುಂತಲ್ಲೇ ಉರುಟಾದ್ವು. ವಯಸ್ಸಿನ್ಯಾಗೂ ಅಜ್ಜ ಮೊಮ್ಮಗ. ಅಲ್ಲಿಯ ಗುಲಾಬಿ ಗ್ರಾನೈಟು ಸುಮಾರು 42 ಕೋಟಿ ವರ್ಷದ್ದು, ನಮ್ಮ ಸೀಮ್ಯಾಗಿಂದು 250 ಕೋಟಿ.

ಮೂವತ್ತು ವರ್ಷ ಸಾಲಿ ಹುಡುಗರನ್ನ ಇಲ್ಲೇ ಕೊಪ್ಪಳದ ಪಾಲ್ಕಿಗುಂಡು ಗುಡ್ಡಕ್ಕ ಕರಕೊಂಡು ಹೋಗೀನಿ. ಅಶೋಕನ ಶಾಸನ, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ ಅಂತ ಬಾಯಿಪಾಠ ಒಪ್ಪಿಸಿದ್ದ ಒಪ್ಪಿಸಿದ್ದು. ತಲಿ ಮ್ಯಾಲ ಪಲ್ಲಕ್ಕಿ ಚಾವಣಿಯಂಗ ಕುಂತ ಆ ಕಲ್ಲು ಹೆಂಗ ಬಂತು ಅಂತ ಒಬ್ಬ ಹುಡುಗನೂ ಕೇಳಲಿಲ್ಲ. ಕೇಳಿದ್ರ ನನ್ನ ಹತ್ರ ಉತ್ತರ ಇರಲಿಲ್ಲ. ಅಲ್ಲಿ ಗುಂಡಿನ ಕಥಿ ಬೋರ್ಡಿನ ಮ್ಯಾಲ ಬರದಾರ, ಇಲ್ಲಿ ಮಾಸ್ತರಗ ಗೊತ್ತಿಲ್ಲ!

ನಿನ್ನೆ ಸಂಜಿಮುಂದ ಒಬ್ಬನ ಹತ್ತಿದೆ. ಬಿಸಲಿಗೆ ಕಾದ ಬಂಡಿ ಇನ್ನೂ ಬೆಚ್ಚಗಿತ್ತು. ಸವದ ಅಕ್ಷರ ಬಿಟ್ಟು ಮ್ಯಾಲಿನ ಕಲ್ಲನ್ನ ಕತ್ತು ನೋಯೂಮಟ ನೋಡಿದೆ. ನೂಕಾಕ ಹೋಗಲಿಲ್ಲ.

ಗವಿಸಿದ್ಧೇಶ್ವರ ಜಾತ್ರಿಗೆ ಬರ್ತಿಯಲ್ಲ, ಒಂದಿನ ಹೆಚ್ಚಿಗಿ ಇಟ್ಕೊಂಡು ಬಾ. ಮಿರ್ಚಿ ಮಂಡಕ್ಕಿ ಕಟ್ಟಿಸ್ಕೊಂಡು ಹತ್ತೂಣು. ಮೊಣಕಾಲಿನ ಗುಳಿಗಿ ಮರೀಬ್ಯಾಡ.

ನಿನ್ನ,
ಮಾಸ್ತರ