ಎತ್ತಿನ ಲೆಕ್ಕ ಬಿಟ್ಟು ಯುದ್ಧ ಬರೆಯಬೇಡ

ಹಾಸನ

ಪ್ರೀತಿಯ ತಂಗಿಗೆ,

ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ಮೂರನೇ ಮೈಸೂರು ಯುದ್ಧದ ಬಗ್ಗೆ ನೀನು ಕಳಿಸಿದ ಬರಹ ಓದಿದೆ. ಕಾಳಗದ ವರ್ಣನೆ ಚೆನ್ನಾಗಿದೆ. ಆದರೆ 1791ರ ಮೇ ತಿಂಗಳಲ್ಲಿ ಅರಕೆರೆ ಹತ್ತಿರ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಗೆದ್ದ ಅಂತ ಬರೆದು, ಮುಂದಿನ ಸಾಲಿಗೇ 1792ರ ಫೆಬ್ರವರಿಯ ಶ್ರೀರಂಗಪಟ್ಟಣದ ಮುತ್ತಿಗೆಗೆ ಬಂದುಬಿಟ್ಟಿದ್ದೀಯ. ಗೆದ್ದವನು ಅಷ್ಟು ಹತ್ತಿರವಿದ್ದ ಶ್ರೀರಂಗಪಟ್ಟಣಕ್ಕೆ ನುಗ್ಗದೆ ಯಾಕೆ ವಾಪಸ್ ಹೋದ? ಓದುವವರು ಅದನ್ನೇ ಕೇಳುತ್ತಾರೆ, ಅಲ್ವಾ?

ಅವನ ಎತ್ತುಗಳು ಸಾಯುತ್ತಿದ್ದವು. ಮೇವಿಲ್ಲ, ಮಳೆ ಬೇರೆ, ಸೈನಿಕರಿಗೆ ಊಟಕ್ಕೂ ತತ್ವಾರ. ಕೋಟೆ ಒಡೆಯಲು ತಂದ ದೊಡ್ಡ ಫಿರಂಗಿಗಳನ್ನು ಎಳೆಯಲಾಗದೆ ತಾವೇ ಹಾಳುಮಾಡಿ ಬೆಂಗಳೂರಿನ ದಾರಿ ಹಿಡಿದರು. ದವಸಧಾನ್ಯ ಇಟ್ಟುಕೊಂಡ, ಅವರ ಜೊತೆಗಾರರಾದ ಮರಾಠರ ಸೈನ್ಯ ಸಿಕ್ಕಿದ್ದು ಅದಾದ ಮೇಲೆ. ಆಮೇಲೆ ನಂದಿದುರ್ಗ, ಸಾವನದುರ್ಗ ಹಿಡಿದದ್ದೂ ಬೆನ್ನ ಹಿಂದಿನ ದಾರಿ ಭದ್ರವಾಗಲಿ ಅಂತಲೇ.

ನೀನು ಕಡೂರು ಕಡೆಯವಳು. ಬೀರೂರು, ಅಜ್ಜಂಪುರದ ದನ ಮೇಯುವ ಕಾವಲುಗಳನ್ನು ನೋಡಿ ಬೆಳೆದವಳು. ಹೈದರ್, ಟಿಪ್ಪು ಸೈನ್ಯದ ವೇಗಕ್ಕೆ ಅಲ್ಲಿನ ಅಮೃತಮಹಲ್ ತಳಿಯ ಎತ್ತುಗಳೇ ಆಧಾರ. ಇದನ್ನು ಬರೆಯಲು ನಿನಗಿಂತ ಹತ್ತಿರದವರು ಯಾರಿದ್ದಾರೆ ಹೇಳು? ಹೋಗಿ ದನ ಸಾಕಿದವರನ್ನು ಕೇಳು. ಭಾರ ಎಳೆಯುವ ಎತ್ತಿಗೆ ದಿನಕ್ಕೆ ಎಷ್ಟು ಮೇವು ಬೇಕು, ಕೆಸರಿನಲ್ಲಿ ಎಷ್ಟು ದೂರ ನಡೆಯುತ್ತದೆ ಅಂತ. ಆಮೇಲೆ ನಕ್ಷೆಯಲ್ಲಿ ದಂಡಿನ ದಾರಿ ನೋಡು. ಸೇನಾಪತಿಗಳ ಎಷ್ಟೋ ತೀರ್ಮಾನಗಳು ಆಗ ಅರ್ಥವಾಗುತ್ತವೆ.

ಒಪ್ಪಂದಕ್ಕೆ ನೀನು ಕೊಟ್ಟಿರುವುದು ಎರಡೇ ಸಾಲು. ಸಾಲದು ಕಣಮ್ಮ. 1792ರ ಮಾರ್ಚ್‌ನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿಗೆ ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಇಷ್ಟು ಎಲ್ಲರಿಗೂ ಗೊತ್ತು. ಯಾರಿಗೆ ಯಾವ ಸೀಮೆ ಹೋಯಿತು, ಅದನ್ನು ಬರೆ. ಕಂಪನಿಗೆ ಮಲಬಾರು, ಕೊಡಗು, ಈಗಿನ ತಮಿಳುನಾಡಿನಲ್ಲಿರುವ ಬಾರಾಮಹಲ್, ದಿಂಡಿಗಲ್. ಅಂದರೆ ಘಟ್ಟದ ದಾರಿಗಳು ಅವರ ಕೈಗೆ ಬಂದವು. ಉಳಿದರ್ಧವನ್ನು ಯಾಕೆ ಬಿಟ್ಟರು? ಮೈಸೂರು ಪೂರ್ತಿ ಅಳಿದರೆ ಕಂಪನಿಯ ಜೊತೆಗೂಡಿದ್ದ ಮರಾಠರು, ಹೈದರಾಬಾದಿನ ನಿಜಾಮ ಇನ್ನೂ ಬಲಿಯುತ್ತಿದ್ದರು. ಜೊತೆಗಾರರ ಮೇಲಿನ ಆ ಅನುಮಾನವೇ ಟಿಪ್ಪುವಿನ ಗದ್ದುಗೆ ಉಳಿಸಿತು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಶೃಂಗೇರಿ ನಿನ್ನ ಜಿಲ್ಲೆಯಲ್ಲೇ ಇದೆ. 1791ರಲ್ಲಿ ಮರಾಠ ದಂಡಿನವರು ಮಠ ಲೂಟಿ ಮಾಡಿದರು. ಆಗ ಟಿಪ್ಪು ಗುರುಗಳಿಗೆ ಬರೆಸಿದ ಕನ್ನಡ ಪತ್ರಗಳು 1916ರಲ್ಲಿ ಮಠದಲ್ಲೇ ಸಿಕ್ಕವು. ದಯವಿಟ್ಟು ಅವುಗಳನ್ನು ಇವತ್ತಿನ ಜಗಳಕ್ಕೆ ಕಲ್ಲಿನ ಹಾಗೆ ಎಸೆಯಬೇಡ. ಲೂಟಿ ಮಾಡಿದವರು ಕಾರ್ನ್‌ವಾಲಿಸನ ಮಿತ್ರರು. ಪತ್ರ ಬರೆಸಿದವನು ಮೂರು ಸೈನ್ಯಗಳ ನಡುವೆ ಸಿಕ್ಕಿಕೊಂಡ ದೊರೆ. ಮಠಕ್ಕೆ ಹಣ ಕೊಡುತ್ತಾನೆ, ಶತ್ರುನಾಶಕ್ಕೆ ಜಪ ಮಾಡಿಸಿ ಅಂತ ಕೇಳುತ್ತಾನೆ. ಅಲ್ಲಿ ಭಕ್ತಿಯೂ ಇದೆ, ರಾಜಕಾರಣವೂ ಇದೆ. ಎರಡನ್ನೂ ಬರೆ. ಇದೇ ಟಿಪ್ಪು ಕೊಡಗಿನ ಜನರನ್ನು ಸೆರೆ ಹಿಡಿದು ಸಾಗಿಸಿದ್ದನ್ನೂ ಬರೆ. ಬೈಯುವವರು ಎರಡೂ ಕಡೆ ಇರುತ್ತಾರೆ. ನೀನು ಹೆದರಬೇಡ.

ಮಳೆ ನಿಂತ ಮೇಲೆ ಸಕಲೇಶಪುರದ ಮಂಜರಾಬಾದ್ ಕೋಟೆಗೆ ಹೋಗೋಣ. ಸುಮ್ನೆ ನಕ್ಷತ್ರದ ಆಕಾರ ನೋಡಿ ಬರುವುದಕ್ಕಲ್ಲ. ಮಂಗಳೂರಿನ ದಾರಿ ಅಲ್ಲಿಂದ ಹೇಗೆ ಕಾಣುತ್ತದೆ ಅಂತ ನೀನು ನೋಡಬೇಕು. ಅಷ್ಟರಲ್ಲಿ ಆ ಬಿಟ್ಟುಹೋದ ತಿಂಗಳುಗಳನ್ನು ಬರೆದು ಕಳಿಸು. ಉದ್ದ ಜಾಸ್ತಿ ಆದರೂ ಪರವಾಗಿಲ್ಲ, ಪೂರ್ತಿ ಓದುತ್ತೇನೆ.

ಇಂತಿ,
ನಿನ್ನ ಅಣ್ಣ