ಸಕ್ಕರೆ ಕಾಯಿಲೆಗೆ ಬರೀ ಬಾಯಿಚಪಲವೇ ಕಾರಣವಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆ ಒಂದೇ ಅಂತಲ್ಲ, ಯಾವ ಪತ್ರಿಕೆಯ ಆರೋಗ್ಯ ಪುಟ ತೆಗೆದರೂ ಸಕ್ಕರೆ ಕಾಯಿಲೆ, ಹಾರ್ಟ್ ಅಟ್ಯಾಕ್ ಬಗ್ಗೆ ಒಂದೇ ಪಾಠ. ಅನ್ನ ಕಮ್ಮಿ ಮಾಡಿ, ವಾಕಿಂಗ್ ಹೋಗಿ, ಟೆನ್ಷನ್ ಬಿಡಿ. ಅದು ತಪ್ಪೇನಲ್ಲ, ಮಾಡಲೇಬೇಕು. ಆದರೆ ಅಷ್ಟೇ ಓದಿದರೆ, ಕಾಯಿಲೆ ಬಂದವರು ಬಾಯಿ ಕಟ್ಟಲಿಲ್ಲ, ಅದಕ್ಕೇ ಬಂತು ಅನ್ನಿಸಿಬಿಡುತ್ತದೆ. ಇದರ ಒಂದು ಪಾಲು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಶುರುವಾಗಿರುತ್ತದೆ ಅನ್ನೋದನ್ನು ಬರೆಯುವವರು ಕಡಿಮೆ. ತಮಾಷೆ ಅಂದರೆ, ಇದನ್ನು ಜಗತ್ತಿಗೆ ತೋರಿಸಿಕೊಟ್ಟ ಊರುಗಳಲ್ಲಿ ನಮ್ಮ ಮೈಸೂರೂ ಒಂದು.

ಇಲ್ಲಿನವರು ಮಿಷನ್ ಆಸ್ಪತ್ರೆ ಅಂತ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆ ಬರೆದಿಡುತ್ತಿದ್ದರು. ಆ ಕಾಲದ ನರ್ಸಮ್ಮಂದಿರಿಗೆ ದೊಡ್ಡ ನಮಸ್ಕಾರ. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಡಾ. ಕ್ಯಾರೋಲಿನ್ ಫಾಲ್ ಮತ್ತು ಇಲ್ಲಿನ ವೈದ್ಯರು ಆ ಹಳೇ ದಾಖಲೆಗಳನ್ನು ಹಿಡಿದು, ಆಸ್ಪತ್ರೆಯ ಸುತ್ತಮುತ್ತಲೇ ಇನ್ನೂ ವಾಸ ಇದ್ದವರನ್ನು ಹುಡುಕಿ, 517 ಜನರ ಹೃದಯ ಪರೀಕ್ಷೆ ಮಾಡಿದರು. 1996ರಲ್ಲಿ ಫಲಿತಾಂಶ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಐದೂವರೆ ಪೌಂಡ್ ಅಥವಾ ಕಡಿಮೆ, ಅಂದರೆ ಎರಡೂವರೆ ಕೆಜಿಯೊಳಗೆ ಇದ್ದವರಲ್ಲಿ ಶೇ 11ರಷ್ಟು ಜನರಿಗೆ ಹೃದಯದ ರಕ್ತನಾಳದ ಕಾಯಿಲೆ. ಏಳು ಪೌಂಡ್ (ಸುಮಾರು 3.2 ಕೆಜಿ) ದಾಟಿದವರಲ್ಲಿ ಬರೀ ಶೇ 3. ಮಗುವೂ ಸಣ್ಣದು, ಬಸುರಿಯಾಗಿದ್ದಾಗ ತಾಯಿಯ ತೂಕವೂ ನೂರು ಪೌಂಡಿಗಿಂತ (ಸುಮಾರು 45 ಕೆಜಿ) ಕಮ್ಮಿ ಅಂದರೆ ಕಾಯಿಲೆ ಶೇ 20ಕ್ಕೆ ಹೋಗಿತ್ತು. ಐದರಲ್ಲಿ ಒಬ್ಬರು!

ಸಕ್ಕರೆ ಕಾಯಿಲೆ ಮಾತ್ರ ಬೇರೆ ದಾರಿ ಹಿಡಿಯಿತು. ಉದ್ದ ಕಮ್ಮಿ ಇದ್ದು ಮೈ ತುಂಬಿಕೊಂಡು ಹುಟ್ಟಿದವರಲ್ಲಿ, ತೂಕ ಜಾಸ್ತಿ ಇದ್ದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು ಕಂಡಿತು. ಅಂದರೆ ಒಣಕಲಾಗಿದ್ದರೂ ಕಷ್ಟ, ತೂಕ ಮಿತಿಮೀರಿದರೂ ಕಷ್ಟ. ಆಮೇಲೆ ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರ ಸಕ್ಕರೆ ಪರೀಕ್ಷೆ ಮಾಡಿ, ಅವರ ಮಕ್ಕಳನ್ನು ವರ್ಷಗಟ್ಟಲೆ ನೋಡುತ್ತಾ ಬಂದರು. ಬಸಿರಲ್ಲಿ ಸಕ್ಕರೆ ಏರಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಮೈಯ ಕೊಬ್ಬು, ರಕ್ತದಲ್ಲಿ ಇನ್ಸುಲಿನ್ ಎರಡೂ ಜಾಸ್ತಿ ಇದ್ದವು, ಇವು ಮುಂದೆ ಸಕ್ಕರೆ ಕಾಯಿಲೆ ಬರಬಹುದು ಅನ್ನುವ ಸೂಚನೆ. ಆ ವಯಸ್ಸಿಗೆ ಮಗು ಎಷ್ಟು ಲಾಡು ತಿಂದಿರುತ್ತೆ ಹೇಳಿ?

ಇದು ಹೇಗೆ ಅಂದರೆ, ಊಟ ಸಾಲದಾಗ ಹೊಟ್ಟೆಯೊಳಗಿನ ಮಗು ಇದ್ದದ್ದರಲ್ಲಿ ಮೊದಲು ಮಿದುಳಿಗೆ ಕೊಡುತ್ತದೆ. ಮಾಂಸಖಂಡ, ಇನ್ಸುಲಿನ್ ಮಾಡುವ ಮೇದೋಜೀರಕ ಗ್ರಂಥಿ, ಕಿಡ್ನಿಗೆ ಕೊರತೆ ಬೀಳುತ್ತದೆ. ಕಿಡ್ನಿಯ ಸೋಸುವ ಘಟಕಗಳು ತಿಂಗಳು ತುಂಬುವ ಹೊತ್ತಿಗೆ ಎಷ್ಟಾಗಿರುತ್ತವೋ ಅಷ್ಟೇ, ಆಮೇಲೆ ಹೊಸದು ಹುಟ್ಟುವುದಿಲ್ಲ. ಕಮ್ಮಿ ಇದ್ದರೆ ಮುಂದೆ ಬಿಪಿ ಏರುವ ಸಂಭವ ಹೆಚ್ಚು. ಪುಣೆಯಲ್ಲಿ ಸಕ್ಕರೆ ಕಾಯಿಲೆಯ ಸಂಶೋಧಕ ಡಾ. ಯಾಜ್ಞಿಕ್ ತಂಡ ನೋಡಿದಾಗ ಅಲ್ಲಿನ ಹಳ್ಳಿ ಮಕ್ಕಳು ಹುಟ್ಟುವಾಗ ಸರಾಸರಿ 2.7 ಕೆಜಿ, ಸೌತಾಂಪ್ಟನ್ ಮಕ್ಕಳು 3.5 ಕೆಜಿ. ಆದರೆ ನಮ್ಮ ಮಕ್ಕಳಲ್ಲಿ ಮುಖ್ಯವಾಗಿ ಮಾಂಸವೇ ಕಮ್ಮಿ ಇತ್ತು, ಚರ್ಮದಡಿಯ ಕೊಬ್ಬು ಅಷ್ಟಾಗಿ ಕಮ್ಮಿಯಾಗಿರಲಿಲ್ಲ. ನೋಡಲು ಸಣ್ಣಗಿರುವ ನಮ್ಮವರಿಗೂ ಶುಗರ್ ಬರುವುದಕ್ಕೆ ಇದೂ ಒಂದು ಕಾರಣ ಅಂತಾರೆ ಅವರು.

ಇದನ್ನು ಓದಿ ದಯವಿಟ್ಟು ಸೊಸೆ ಮೇಲೆ ಹರಿಹಾಯಬೇಡಿ. ನೂರು ಪೌಂಡ್ ತೂಗದ ತಾಯಿ ಬೇಕು ಅಂತ ಹಾಗಿರಲಿಲ್ಲ, ಅವಳಿಗೆ ಚಿಕ್ಕಂದಿನಿಂದಲೂ ಕೊನೆಗೆ ಉಳಿದದ್ದೇ ಊಟ. ಬಸುರಿ ಜಾಸ್ತಿ ತಿಂದರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಅಂತ ಉಣ್ಣದಂತೆ ತಡೆಯುವ ಹಿರಿಯರು ಇನ್ನೂ ಇದ್ದಾರೆ. ಪಟ್ಟಣದಲ್ಲಿ ಇದರ ಉಲ್ಟಾ, ಇಬ್ಬರ ಊಟ ಮಾಡು ಅಂತ ತುಪ್ಪ ಸುರಿಯುತ್ತಾರೆ, ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಗೆ ಮಾತ್ರ ಸುಮ್ನೆ ಯಾಕೆ ಅಂತ ತಪ್ಪಿಸುತ್ತಾರೆ.

ಸರ್ಕಾರ 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಬಿಸಿಯೂಟ ಕೊಡಲು ಶುರು ಮಾಡಿತು, ಒಳ್ಳೆಯದೇ. ಆದರೆ ಬಸುರಿಯ ತಪಾಸಣೆ, ಹೆರಿಗೆ ವಿವರ ಬರೆದಿಡುವ ತಾಯಿ ಕಾರ್ಡ್ ಕೈಗೆ ಬರುವಷ್ಟರಲ್ಲಿ ಮಗುವಿನ ಅಂಗಾಂಗ ಮೂಡಿ ಆಗಿರುತ್ತದೆ. ಮುಂಬೈನ ಕೊಳೆಗೇರಿಗಳಲ್ಲಿ ಬಸುರಿಯಾಗುವ ಮೊದಲಿನಿಂದಲೇ ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿ ಕೊಟ್ಟು ನೋಡಿದರು. ಹುಟ್ಟುವ ಮಕ್ಕಳ ತೂಕ ಒಟ್ಟಾರೆ ಅಷ್ಟೇನೂ ಏರಲಿಲ್ಲ, ನಿಜ. ಆದರೆ ಬಸಿರಲ್ಲಿ ಬರುವ ಸಕ್ಕರೆ ಕಾಯಿಲೆ ಶೇ 12ರಿಂದ 7ರ ಆಸುಪಾಸಿಗೆ ಇಳಿಯಿತು. ಹಾಗಾಗಿ ಹೈಸ್ಕೂಲು, ಪಿಯುಸಿ ಹುಡುಗಿಯರ ತೂಕ, ರಕ್ತ ನೋಡಿ ಅಲ್ಲಿಂದಲೇ ಊಟ ಸರಿಮಾಡಬೇಕು. ಮದುವೆಯಾಗಿ ವಾಂತಿ ಶುರುವಾಗುವವರೆಗೆ ಕಾಯುವುದಲ್ಲ.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಡಾಕ್ಟರು ಅಪ್ಪನಿಗೆ ಶುಗರ್ ಇತ್ತಾ ಅಂತ ಕೇಳುವ ಹಾಗೆ, ಹುಟ್ಟಿದಾಗ ಎಷ್ಟು ತೂಕ ಇದ್ದಿರಿ ಅಂತಲೂ ಕೇಳಲಿ. ಉತ್ತರ ಗೊತ್ತಿರಬೇಕಾದರೆ ತಾಯಿ ಕಾರ್ಡನ್ನು ಅಂಕಪಟ್ಟಿ ಜೊತೆ ಜೋಪಾನ ಮಾಡಬೇಕು. ಆಸ್ಪತ್ರೆಯವರೂ ಹಳೇ ಹೆರಿಗೆ ರಿಜಿಸ್ಟರ್‌ಗಳನ್ನು ಜಾಗ ಇಲ್ಲ ಅಂತ ರದ್ದಿಗೆ ಹಾಕಬಾರದು.

ಇಂತಿ,
ಮೈಸೂರಿನ ಒಬ್ಬ ಓದುಗ